ಜೆನೆಬಾಳನ್ನು ಕಂಡವರು

ನಮ್ಮ ಊರಿನ ಬಾವಿಗಳು ವರ್ಷಕ್ಕೆ ಮೂರೋ ನಾಲ್ಕೋ ಸಲ ಉಪ್ಪಾಗುತ್ತಿದ್ದವು. ಸಕ್ಕರೆ ತುಂಬಿದ ಹಡಗು ಬಂದರೆ ಏನೂ ಆಗುತ್ತಿರಲಿಲ್ಲ. ಬಟ್ಟೆ, ಗಾಜು, ಕಬ್ಬಿಣ ತರುವ ಹಡಗುಗಳು ಬಂದಾಗಲೂ ನೀರು ಸಿಹಿಯಾಗಿಯೇ ಇರುತ್ತಿತ್ತು. ನಮ್ಮಂಥವರನ್ನು ತುಂಬಿಕೊಂಡ ಹಡಗು ಅಳಿವೆ ದಾಟಿ ಒಳಗೆ ಬಂದಾಗ ಮಾತ್ರ ಊರಿನ ಅಷ್ಟೂ ಬಾವಿಗಳ ನೀರು ಒಂದೇ ಗಳಿಗೆಯಲ್ಲಿ ಸಮುದ್ರದ ನೀರಾಗಿಬಿಡುತ್ತಿತ್ತು. ಇಳಿಸಿದವರನ್ನೆಲ್ಲ ಬಂದರಿನ ಪಕ್ಕದ ದೊಡ್ಡಿಯಲ್ಲಿ ಕೂಡಿಹಾಕಿ ಹರಾಜು ಹಾಕುತ್ತಿದ್ದರು. ಅವರಲ್ಲಿ ಕೊನೆಯವರು ಯಾರದಾದರೂ ಮನೆಗೋ ಗದ್ದೆಗೋ ಸೇರುವವರೆಗೆ ನೀರು ಹಾಗೆಯೇ ಇರುತ್ತಿತ್ತು. ಆಮೇಲೆ ತಾನಾಗಿಯೇ ಸಿಹಿಯಾಗುತ್ತಿತ್ತು. ದೊಡ್ಡಿಯಲ್ಲೇ ಸತ್ತವರನ್ನು ಊರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಬಾವಿಯೂ ಹಿಡಿಯುತ್ತಿರಲಿಲ್ಲ.

ಊರಿನವರು ಇದಕ್ಕೆ ಒಗ್ಗಿಹೋಗಿದ್ದರು. ಪ್ರತಿ ಮನೆಯ ಹಿತ್ತಲಲ್ಲೂ ನಾಲ್ಕೈದು ಪೀಪಾಯಿ ಸಿಹಿನೀರು ಇರಲೇಬೇಕೆಂದು ಕಟ್ಟಳೆಯಿತ್ತು. ಹಡಗಿನ ಕಾಲದಲ್ಲಿ ಯಾರೂ ಬಟ್ಟೆ ಒಗೆಯುತ್ತಿರಲಿಲ್ಲ, ಮದುವೆ ಇಟ್ಟುಕೊಳ್ಳುತ್ತಿರಲಿಲ್ಲ. ಬ್ರೆಡ್ಡು ಮಾಡುವವನು ಹಿಟ್ಟಿಗೆ ಉಪ್ಪು ಹಾಕುವುದನ್ನು ಬಿಡುತ್ತಿದ್ದ. ಯಾಕೆ ಹೀಗಾಗುತ್ತದೆ ಎಂದು ಧಣಿಗಳ ಮಕ್ಕಳು ಕೇಳಿದರೆ ದೊಡ್ಡವರು, "ಈ ಊರಿನ ಮಣ್ಣೇ ಹಾಗೆ" ಎಂದು ಹೇಳಿ ಬೇರೆ ಮಾತೆತ್ತುತ್ತಿದ್ದರು.

ನಾನು ಇದ್ದದ್ದು ಹಾರ್ಬಿನ್ ಧಣಿಯ ಮನೆಯಲ್ಲಿ. ಅವರದು ಪೀಪಾಯಿ ಮಾಡುವ ಕೆಲಸ. ಬೇರೆ ಊರಲ್ಲಾಗಿದ್ದರೆ ಹೊಟ್ಟೆಬಟ್ಟೆಗೆ ಸಾಕಾಗುವಷ್ಟು ನಡೆಯುತ್ತಿತ್ತೇನೋ, ಇಲ್ಲಿ ಅವರು ದೊಡ್ಡ ಮನುಷ್ಯರಾಗಿದ್ದರು. ನನ್ನ ಕೆಲಸ ನೀರು ಹೊರುವುದು. ಮನೆಗೆ ಹೊರುವುದಲ್ಲದೆ, ಹಡಗು ಬಂದಾಗ ಧಣಿಯ ಪೀಪಾಯಿಗಳಿಂದ ದೊಡ್ಡಿಗೂ ನಾನೇ ಹೊರಬೇಕಿತ್ತು. ಹರಾಜಿಗೆ ಮುಂಚೆ ಅವರಿಗೆ ಸಿಹಿನೀರು ಕುಡಿಸಿ, ಮೈ ತೊಳೆಸಿ, ಕಣ್ಣಿಗೆ ಕಳೆ ಬರಿಸಬೇಕೆಂದು ವ್ಯಾಪಾರಿಗಳ ಅಪ್ಪಣೆ. ಮನೆಯವರು ನನ್ನನ್ನು ಡೋರ್ಕಸ್ ಎಂದು ಕರೆಯುತ್ತಿದ್ದರು. ನನ್ನ ಅವ್ವ ಇಟ್ಟ ಹೆಸರು ಯೆಮಾ.

ನಮ್ಮದು ಹೊಳೆಯ ದಂಡೆಯ ಹಳ್ಳಿ. ಹೊಳೆ ಎರಡನೇ ಸಲ ತಿರುಗುವ ಜಾಗದಲ್ಲಿ ಮೂರು ಬೂರುಗದ ಮರಗಳಿವೆ, ಅದರ ಹಿಂದೆ ನಮ್ಮ ಮನೆಗಳು, ಮುಂದೆ ಭತ್ತದ ಗದ್ದೆ. ತೆನೆ ಕಟ್ಟುವ ದಿನಗಳಲ್ಲಿ ಹಕ್ಕಿ ಓಡಿಸಲು ಗದ್ದೆಯ ನಡುವೆ ಅಟ್ಟಣೆ ಕಟ್ಟುತ್ತೇವೆ. ಆ ಬೆಳಿಗ್ಗೆ ನಾನು ನನ್ನ ಮಗಳು ಜೆನೆಬಾಳನ್ನು ಅಟ್ಟಣೆಯ ಮೇಲೆ ಕೂರಿಸಿ ಕೆಳಗೆ ಕಳೆ ಕೀಳುತ್ತಿದ್ದೆ. ಅವಳಿಗೆ ನಾಲ್ಕು ವರ್ಷ. ಬದುವಿನ ಕಡೆಯಿಂದ ಕೋವಿ ಹಿಡಿದವರು ಬರುವುದು ಕಾಣಿಸಿತು. ಓಡಿ ಮೇಲೆ ಹತ್ತಿದ್ದರೆ ಅವಳಿರುವುದು ಅವರಿಗೆ ಗೊತ್ತಾಗುತ್ತಿತ್ತು. "ಮಲಕ್ಕೋ, ಮಾತಾಡಬೇಡ" ಎಂದಷ್ಟೇ ಹೇಳಿ, ನಾನು ಇನ್ನೊಂದು ದಿಕ್ಕಿಗೆ ಓಡಿದೆ. ಅವರು ನನ್ನ ಹಿಂದೆ ಬಂದರು. ಹಿಡಿದು ಕಟ್ಟಿ ಕರೆದುಕೊಂಡು ಹೋಗುವಾಗ ಹಿಂತಿರುಗಿ ನೋಡಬಾರದೆಂದುಕೊಂಡರೂ ಒಂದು ಸಲ ನೋಡಿದೆ. ಅಟ್ಟಣೆಯ ಮೇಲೆ ಯಾರೂ ಇಲ್ಲದ ಹಾಗೆ ಕಂಡಿತು. ಹೇಳಿದ ಹಾಗೆ ಮಲಗಿದ್ದಳು. ಎಷ್ಟು ಹೊತ್ತು ಹಾಗೆ ಮಲಗಿದ್ದಳೋ, ಯಾರು ಬಂದು ಇಳಿಸಿದರೋ, ನನಗೆ ಗೊತ್ತಿಲ್ಲ.

ಅದಕ್ಕೇ ದೊಡ್ಡಿಗೆ ನೀರು ಹೊರುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಎಂಟು ವರ್ಷ, ಪ್ರತಿ ಹಡಗಿನಲ್ಲೂ, ಪ್ರತಿಯೊಬ್ಬರ ಬಾಯಿಗೂ ಸೋರೆಬುರುಡೆ ಹಿಡಿಯುತ್ತ ಒಂದೇ ಮಾತು ಕೇಳುತ್ತಿದ್ದೆ. ಹೊಳೆಯ ಎರಡನೇ ತಿರುವು, ಮೂರು ಬೂರುಗದ ಮರ, ಜೆನೆಬಾ ಅಂತ ಹುಡುಗಿ, ಎಡಗಿವಿಯ ಹಿಂದೆ ಸುಟ್ಟ ಕಲೆ. ನೋಡಿದ್ದೀರಾ? ಎಷ್ಟೋ ಜನಕ್ಕೆ ನನ್ನ ಭಾಷೆಯೇ ತಿಳಿಯುತ್ತಿರಲಿಲ್ಲ. ತಿಳಿದವರು ತಲೆಯಾಡಿಸುತ್ತಿದ್ದರು. ಅಂಥವರನ್ನು ದಾಟಿ ಮುಂದಿನವರ ಹತ್ತಿರ ಹೋಗುತ್ತಿದ್ದೆ. ಹಿಂದೆ ನೂರು ಜನ ಬಾಯಾರಿ ಕೂತಿರುತ್ತಿದ್ದರು, ನಿಲ್ಲಲು ಹೊತ್ತಿರಲಿಲ್ಲ. ಅವರಲ್ಲೂ ಕೆಲವರು ನನ್ನ ಸೆರಗು ಹಿಡಿದು ತಮ್ಮವರ ಬಗ್ಗೆ ಕೇಳುತ್ತಿದ್ದರು. ನಾನೂ ತಲೆಯಾಡಿಸುತ್ತಿದ್ದೆ.

ಒಂಬತ್ತನೆಯ ವರ್ಷದ ವಸಂತದಲ್ಲಿ ಬಂದ ಹಡಗಿನಿಂದ ನೂರ ಮೂವತ್ತು ಜನರನ್ನು ಇಳಿಸಿದರು. ನಾಲ್ಕು ದಿನದಲ್ಲಿ ಎಲ್ಲರೂ ಮಾರಿಹೋದರು, ಒಬ್ಬಳನ್ನು ಬಿಟ್ಟು. ಅವಳ ಕಾಲುಗಳು ಬಾತುಕೊಂಡು ಗಡಿಗೆಯ ಹಾಗಾಗಿದ್ದವು. ಕಣ್ಣಿನ ರೆಪ್ಪೆ ಅರ್ಧಕ್ಕರ್ಧ ಅಂಟಿಕೊಂಡಿತ್ತು. ಗೋಡೆಗೆ ಒರಗಿಸಿದರೆ ಪಕ್ಕಕ್ಕೆ ಬಿದ್ದುಹೋಗುತ್ತಿದ್ದಳು. ಪುಕ್ಕಟೆ ಕೊಡುತ್ತೇವೆಂದರೂ ಯಾರೂ ಮುಂದೆ ಬರಲಿಲ್ಲ. ಐದನೆಯ ದಿನವೂ ಬಾವಿ ಉಪ್ಪಾಗಿಯೇ ಇತ್ತು. ಆರನೆಯ ದಿನವೂ.

ಆ ಆರನೆಯ ದಿನ ನಾನು ಅವಳ ಕಣ್ಣು ಒರೆಸಿ ನೀರು ಕುಡಿಸುತ್ತಿದ್ದಾಗ, "ಇನ್ನೊಂದ್ ಗುಟುಕು, ಅಕ್ಕಾ" ಎಂದಳು. ನಮ್ಮ ಮಾತಿನಲ್ಲಿ. ಕೈಯಲ್ಲಿದ್ದ ಸೋರೆಬುರುಡೆ ಜಾರಿಬಿತ್ತು. ಅಷ್ಟು ದಿನ ಅವಳು ಬಾಯಿ ಬಿಟ್ಟಿರಲಿಲ್ಲ, ಪ್ರಜ್ಞೆ ಇಲ್ಲದವಳೆಂದು ನಾನೂ ಏನೂ ಕೇಳಿರಲಿಲ್ಲ. ಹೆಸರು ಕೇಳಿದೆ. ತೆನ್ನೆ ಎಂದಳು. ಇಪ್ಪತ್ತರ ಆಸುಪಾಸಿನವಳು. ಮತ್ತೆ ನೀರು ತುಂಬಿಸಿಕೊಂಡು ಬಂದು, ನನ್ನ ಹಳೆಯ ಪ್ರಶ್ನೆಯನ್ನೇ ಕೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ಕಿವಿ ಹಿಂದೆ ಕಲೆ ಇರೋ ಹುಡುಗಿ ತಾನೆ? ನೋಡಿದ್ದೀನಿ" ಎಂದಳು.

"ಎಲ್ಲಿ? ಯಾವಾಗ?"

"ಹೋದ ಸುಗ್ಗೀಲಿ. ನಿಮ್ಮ ಹಳ್ಳಿಗೆ ಉಪ್ಪು ತಗೊಂಡ್ ಬಂದಿದ್ವಿ. ಎತ್ತರಕ್ಕೆ ಬೆಳೆದಿದ್ದಾಳೆ. ಯಾರೋ ವಯಸ್ಸಾದ ಹೆಂಗಸಿನ ಜತೆ ಇದ್ಲು."

"ನನ್ನ ಚಿಕ್ಕವ್ವ" ಎಂದೆ. "ಚಿಕ್ಕವ್ವನೇ ಇರಬೇಕು. ಕುಳ್ಳಗಿದ್ದಾಳಾ?"

"ಹ್ಞೂ, ಕುಳ್ಳಗೆ. ನಿನ್ನ ಮಗಳು ಹಕ್ಕಿ ಓಡಿಸೋಕೆ ಹಾಡು ಹೇಳ್ತಿದ್ಲು. ನಗೋವಾಗ ಬಾಯಿಗೆ ಕೈ ಅಡ್ಡ ಹಿಡೀತಾಳೆ."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಎಂಟು ವರ್ಷ ಆ ಅಟ್ಟಣೆಯ ಮೇಲೆ ಮಲಗಿಯೇ ಇದ್ದ ನನ್ನ ಮಗಳು ಅವತ್ತು ಎದ್ದು ಇಳಿದು ಬಂದಳು. ದೊಡ್ಡಿಯ ಕಾವಲುಗಾರ ಬೈಯುವವರೆಗೂ ನಾನು ಏಳಲಿಲ್ಲ.

ಅಷ್ಟರಲ್ಲಿ ಊರಿಗೆ ಊರೇ ರೇಗಿತ್ತು. ಕುದುರೆಗಳು ತೊಟ್ಟಿಯ ನೀರು ಮೂಸಿ ಮುಖ ತಿರುಗಿಸುತ್ತಿದ್ದವು. ಬಾಣಂತಿಯರಿದ್ದ ಮನೆಗಳಲ್ಲಿ ನೀರಿಗಾಗಿ ಜಗಳ. ಅವಳು ಇವತ್ತು ಹೋಗುತ್ತಾಳೆ, ನಾಳೆ ಹೋಗುತ್ತಾಳೆ ಎಂದು ಕಾದವರಿಗೆಲ್ಲ ಬೇಸರ ಬಂತು. ಎಂಟನೆಯ ದಿನ ಊರಿನ ಹಿರಿಯರು ಸಭೆ ಸೇರಿ ಒಂದು ತೀರ್ಮಾನಕ್ಕೆ ಬಂದರು. ಶನಿವಾರ ಬೆಳಿಗ್ಗೆ ಅವಳನ್ನು ದೋಣಿಯಲ್ಲಿ ಅಳಿವೆಯ ಆಚೆಗಿನ ಮರಳ ದಿಬ್ಬಕ್ಕೆ ಕರೆದೊಯ್ದು ಇಳಿಸಿ ಬರುವುದು. ಅಲ್ಲಿ ಮರವಿಲ್ಲ, ನೆರಳಿಲ್ಲ. ಕ್ರೂರಿಗಳೆನಿಸಿಕೊಳ್ಳಬಾರದೆಂದು ಜೊತೆಗೆ ಒಂದು ಪೀಪಾಯಿ ನೀರು, ಎರಡು ದಿನದ ಬ್ರೆಡ್ಡು ಇಟ್ಟು ಬರಬೇಕೆಂದೂ ಒಪ್ಪಿಕೊಂಡರು. ಪೀಪಾಯಿಯನ್ನು ಹಾರ್ಬಿನ್ ಧಣಿ ತಾವೇ ದಾನವಾಗಿ ಕೊಡುವುದಾಗಿ ಹೇಳಿದ್ದರಂತೆ.

ಶುಕ್ರವಾರ ಮಧ್ಯಾಹ್ನ ಊಟ ಬಡಿಸಿ, ಪಾತ್ರೆ ತೆಗೆಯದೆ ಅಲ್ಲೇ ನಿಂತೆ. ಧಣಿ ತಲೆಯೆತ್ತಿ ನೋಡಿದರು.

"ಏನೇ?"

"ಧಣಿ, ದೊಡ್ಡೀಲಿರೋಳನ್ನ ಈ ಮನೆಗೆ ಕರ್ಕೊಳ್ಳಿ."

ಅವರು ನಕ್ಕರು. "ಆ ಹೆಣಾನಾ? ಮನೇಲಿ ಕೂಸಿದೆ. ಅವಳ ಕಾಯಿಲೆ ನಮಗೆ ಅಂಟಿಸ್ಕೋಬೇಕಾ?"

"ಅಂಟೋ ಕಾಯಿಲೆ ಅಲ್ಲ ಧಣಿ. ಹಡಗಿನಲ್ಲಿ ಕಾಲು ಮಡಚಿ ಕೂತೂ ಕೂತೂ ಬಾತಿರೋದು. ನನಗೂ ಹಾಗೇ ಆಗಿತ್ತು. ಒಂದು ತಿಂಗಳು ಬಿಡಿ, ಓಡಾಡ್ತಾಳೆ. ಭತ್ತದ ಕೆಲಸ ಗೊತ್ತು, ಮೊರ ಹೆಣೆಯೋದು ಗೊತ್ತು. ಅವಳ ಊಟಾನೂ ನನ್ನ ಪಾಲಲ್ಲೇ ಕೊಡ್ತೀನಿ. ಅವಳು ಎದ್ದು ನಿಲ್ಲೋವರೆಗೆ ಅವಳ ಕೆಲಸಾನೂ ನಾನೇ ಮಾಡ್ತೀನಿ."

"ನಿನಗ್ಯಾಕೆ ಅಷ್ಟೊಂದು ಕಾಳಜಿ? ನಿನ್ನ ನೆಂಟಳಾ?"

ಹೌದು ಎಂದೆ.

ಲಿಡಿಯಾ ಅಮ್ಮಾವ್ರು ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಪೀಪಾಯಿಯ ತಳದ ಪಾಚಿ ನೀರು ಕುಡಿದು ಮಗುವಿಗೆ ಮೂರು ದಿನದಿಂದ ಭೇದಿ. ಅಮ್ಮಾವ್ರ ಕಣ್ಣು ಕೆಂಪಾಗಿತ್ತು. "ನಾಳೆ ದೋಣಿ ಹೋಗಿ ಬರೋವರೆಗೆ ಕಾಯೋದಕ್ಕಾಗಲ್ಲ. ಗಾಳಿ ಹೀಗಿದ್ರೆ ನಾಳೆ ದೋಣಿ ಹೊರಡೋದೇ ಇಲ್ಲ ಅಂತಿದ್ರು" ಎಂದು ಗಂಡನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಹೋಗು, ಕರ್ಕೊಂಡ್ ಬಾ. ಸತ್ತರೆ ಹಿತ್ತಲಲ್ಲಿ ನೀನೇ ಗುಂಡಿ ತೋಡಬೇಕು. ತಿಳೀತಾ?" ಎಂದರು.

ಗಾಡಿ ಕೊಡಲಿಲ್ಲ. ನಾನು ತೆನ್ನೆಯನ್ನು ಬೆನ್ನಿಗೆ ಕಟ್ಟಿಕೊಂಡೆ, ಮಕ್ಕಳನ್ನು ಕಟ್ಟಿಕೊಳ್ಳುವ ಹಾಗೆ ಬಟ್ಟೆಯನ್ನು ಎದೆಯ ಮೇಲೆ ಗಂಟು ಹಾಕಿ. ಬಂದರಿನ ಬೀದಿ, ಗಿರಣಿಯ ಬೀದಿ, ಇಗರ್ಜಿಯ ಚೌಕ. ದಾರಿಯುದ್ದಕ್ಕೂ ಜನ ಬಾಗಿಲಿಗೆ ಬಂದು ನೋಡಿದರು. ಯಾರೋ ಬೇಗ ಬೇಗ ನಡಿ ಎಂದು ಕೂಗಿದರು. ಹಿತ್ತಲ ಬಾಗಿಲಿನ ಹೊಸ್ತಿಲು ದಾಟಿ ಅವಳನ್ನು ಒಲೆಯ ಪಕ್ಕ ಇಳಿಸಿ ಇನ್ನೂ ಉಸಿರು ತಿರುಗಿರಲಿಲ್ಲ, ಪಕ್ಕದ ಮನೆಯ ಬಾವಿಯ ಹತ್ತಿರ ಒಬ್ಬಳು ಕಿರುಚಿದಳು. "ಸಿಹಿ! ಸಿಹಿಯಾಯ್ತು!"

ಊರೆಲ್ಲ ಬೀದಿಗೆ ಬಂತು. ಕೊಡದ ಮೇಲೆ ಕೊಡ ಸೇದಿ ಕುಡಿದರು, ಒಬ್ಬರ ಮೇಲೊಬ್ಬರು ಎರಚಾಡಿದರು. ಇಗರ್ಜಿಯ ಗಂಟೆ ಬಾರಿಸಿದರು. ನಮ್ಮ ಧಣಿಯೂ ಗಡ್ಡದಿಂದ ನೀರು ಸೋರಿಸುತ್ತ ನಗುತ್ತಿದ್ದರು. ಎಲ್ಲರೂ ಅವರ ಬೆನ್ನು ತಟ್ಟುತ್ತಿದ್ದರು.

"ಯಾಕಕ್ಕಾ ಕೂಗ್ತಿದ್ದಾರೆ?" ಎಂದು ತೆನ್ನೆ ಕೇಳಿದಳು.

"ನೀನು ಬಂದಿದ್ದಕ್ಕೆ" ಎಂದೆ.

ಅವಳು ಸಾಯಲಿಲ್ಲ. ತಿಂಗಳು ತುಂಬುವುದರೊಳಗೆ ಗೋಡೆ ಹಿಡಿದು ನಡೆದಳು, ಎರಡು ತಿಂಗಳಿಗೆ ಕೊಡ ಹೊತ್ತಳು. ಜವುಗಿನಿಂದ ಜೊಂಡು ತಂದು ಮೊರ ಹೆಣೆದಳು. ಅಮ್ಮಾವ್ರು ಅವಳಿಗೆ ಮಾರ್ಥಾ ಎಂದು ಹೆಸರಿಟ್ಟರು. ಹಿತ್ತಲಲ್ಲಿ ಅಕ್ಕಿ ಕೇರುವಾಗ, ಬೀನ್ಸ್ ಬಿಡಿಸುವಾಗ ನಾನು ಜೆನೆಬಾಳ ಸುದ್ದಿ ತೆಗೆಯುತ್ತಿದ್ದೆ. ಜಡೆ ಯಾವ ಥರ ಹೆಣೆದುಕೊಂಡಿದ್ದಳು? ಮೈಮೇಲೆ ಏನು ಹಾಕಿದ್ದಳು? ತೆನ್ನೆ ಒಂದೊಂದು ಸಲ ಒಂದೊಂದು ಹೊಸ ವಿಷಯ ಹೇಳುತ್ತಿದ್ದಳು. ನನಗೆ ಅದೇ ಹಬ್ಬ. ಅವಳು ಹೇಳುತ್ತಾ ಹೇಳುತ್ತಾ ತಲೆ ತಗ್ಗಿಸಿ ಕೈಕೆಲಸ ನೋಡುತ್ತಿದ್ದಳು. ಊರಿನ ನೆನಪಾಗಿ ದುಃಖವಾಗುತ್ತಿದೆ ಎಂದು ನಾನು ತಿಳಿದುಕೊಂಡಿದ್ದೆ. ಮೂರು ವರ್ಷ ಹೀಗೆ ಕಳೆಯಿತು. ಈ ಊರಿಗೆ ಬಂದಮೇಲೆ ನಾನು ಕಣ್ತುಂಬ ನಿದ್ದೆ ಮಾಡಿದ್ದು ಆ ಮೂರು ವರ್ಷಗಳಲ್ಲಿ ಮಾತ್ರ.

ಮೂರನೆಯ ವರ್ಷದ ಕೊನೆಗೆ ಒಂದು ಹಡಗು ಬಂತು. ನಾನು ದೊಡ್ಡಿಗೆ ನೀರು ಮುಟ್ಟಿಸಿ ಬೇಗ ವಾಪಸು ಬಂದೆ. ತೆನ್ನೆ ಹಿತ್ತಲಲ್ಲಿ ಮೊರ ಹೆಣೆಯುತ್ತಿದ್ದಳು.

"ಇಷ್ಟು ಬೇಗ ಬಂದ್ಯಾ? ಅವರನ್ನ ಕೇಳಿದ್ಯಾ?"

"ಏನು ಕೇಳೋದು?"

"ಜೆನೆಬಾ ವಿಷಯ."

"ನೀನು ಹೇಳಿದ್ದೀಯಲ್ಲ" ಎಂದೆ. "ಅವಳು ಅಲ್ಲಿ ಚೆನ್ನಾಗಿರೋವಾಗ ಈ ದೊಡ್ಡೀಲಿ ಯಾಕೆ ಹುಡುಕಲಿ?"

ಅವಳ ಕೈ ನಿಂತುಹೋಯಿತು. "ನಾನು ಬಂದಮೇಲೆ ಒಂಬತ್ತು ಹಡಗು ಬಂತು ಅಕ್ಕಾ. ಒಂದರಲ್ಲೂ ಕೇಳಲಿಲ್ವಾ ನೀನು?"

"ಇಲ್ಲ."

ಜೊಂಡನ್ನು ಪಕ್ಕಕ್ಕಿಟ್ಟಳು. "ಹೋಗಿ ಕೇಳಕ್ಕಾ. ಈಗಲೇ ಹೋಗು. ನಾನು ನಿಮ್ಮ ಹಳ್ಳಿ ನೋಡೇ ಇಲ್ಲ. ನಮ್ಮೂರು ಗುಡ್ಡದ ಮೇಲೆ, ನಿಮ್ಮ ಹೊಳೆಗೆ ನಾಲ್ಕು ದಿನದ ದಾರಿ. ನಿನ್ನ ಮಗಳನ್ನ ನಾನು ನೋಡಿಲ್ಲ."

ಅವಳು ಹೇಳಿದ್ದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. "ಕಿವಿ ಹಿಂದಿನ ಕಲೆ?" ಎಂದೆ.

"ನೀನೇ ಹೇಳಿದ್ದು."

"ಹಾಡು?"

"ಹಕ್ಕಿ ಓಡಿಸೋ ಮಕ್ಕಳೆಲ್ಲ ಹಾಡ್ತಾರಲ್ಲಕ್ಕಾ."

"ನಗೋವಾಗ ಬಾಯಿಗೆ ಕೈ ಅಡ್ಡ..."

"ಅದು ನೀನು. ಕಾವಲುಗಾರನ ಹತ್ರ ಏನೋ ಮಾತಾಡಿ ನಗೋವಾಗ ನೀನು ಹಾಗೆ ಮಾಡಿದ್ದೆ." ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. "ನಾಲ್ಕು ದಿನ ನಿನ್ನನ್ನ ನೋಡಿದ್ದೆ ಅಕ್ಕಾ. ನೀನು ಎಲ್ಲರನ್ನೂ ಕೇಳ್ತಿದ್ದೆ. ಇಲ್ಲ ಅಂದವರ ಹತ್ರ ಮತ್ತೆ ನಿಲ್ತಿರಲಿಲ್ಲ. ನಾನು ಸಾಯ್ತಾ ಇದ್ದೆ. ನೀನು ನನ್ನ ಹತ್ರ ನಿಲ್ಲಬೇಕಿತ್ತು."

ಕೊಡ ಅಲ್ಲೇ ಬಿಟ್ಟು ದೊಡ್ಡಿಗೆ ಓಡಿದೆ. ಹರಾಜು ಶುರುವಾಗಿತ್ತು, ಅರ್ಧ ಜನರನ್ನು ಆಗಲೇ ದೋಣಿಗಳಿಗೆ ಹತ್ತಿಸುತ್ತಿದ್ದರು. ಹಗ್ಗದ ಸಾಲಿನ ಪಕ್ಕದಲ್ಲಿ ಓಡುತ್ತ ಕೇಳಿದೆ. ಹೊಳೆ, ಬೂರುಗದ ಮರ, ಜೆನೆಬಾ. ಒಂದು ದೋಣಿಯಲ್ಲಿ ಒಬ್ಬ ಮುದುಕ ಬೂರುಗದ ಮರವೆಂದ ಕೂಡಲೇ ತಲೆಯೆತ್ತಿ ಏನೋ ಕೂಗಿದ. ದೋಣಿ ದಡ ಬಿಟ್ಟಿತ್ತು. ಗಾಳಿ ಎದುರಿನಿಂದ ಬೀಸುತ್ತಿತ್ತು, ಅವನ ಮಾತು ನನಗೆ ಮುಟ್ಟಲಿಲ್ಲ. ಅವನು ನನ್ನ ಮಗಳ ಬಗ್ಗೆಯೇ ಹೇಳಿದನೋ, ತನ್ನವರ ಬಗ್ಗೆ ಕೇಳಿದನೋ ಇವತ್ತಿಗೂ ತಿಳಿಯದು.

ಅವತ್ತಿನಿಂದ ನಾನು ತೆನ್ನೆಯ ಜೊತೆ ಮಾತು ಬಿಟ್ಟೆ. ಒಂದೇ ಒಲೆ, ಒಂದೇ ಚಾಪೆಯ ಕೋಣೆ, ಒಂದೇ ಬಾವಿಯ ಹಗ್ಗದ ಎರಡು ತುದಿ. ಅವಳು ನನ್ನ ಪಾಲಿನ ನೀರನ್ನೂ ಹೊರುತ್ತಿದ್ದಳು. ತನ್ನ ತಟ್ಟೆಯ ಮೀನಿನ ತುಂಡು ನನ್ನ ತಟ್ಟೆಗೆ ಹಾಕುತ್ತಿದ್ದಳು. ನಾನು ತಿನ್ನದೆ ಬೆಕ್ಕಿಗೆ ಎಸೆಯುತ್ತಿದ್ದೆ. ಅವಳ ಮೇಲೆ ಕೋಪ ಬಂದದ್ದು ಸುಳ್ಳು ಹೇಳಿದ್ದಕ್ಕಲ್ಲ. ಒಂಬತ್ತು ಹಡಗುಗಳ ಜನರ ಬಾಯಿಗೆ ನೀರು ಹಿಡಿದು, ಒಂದು ಮಾತೂ ಕೇಳದೆ ನಾನು ಸುಮ್ಮನೆ ಕಳಿಸಿಬಿಟ್ಟಿದ್ದೆ. ಅವರಲ್ಲಿ ಒಬ್ಬರಿಗೆ ಗೊತ್ತಿದ್ದರೆ? ಯಾವುದೋ ಹಡಗಿನಲ್ಲಿ ಜೆನೆಬಾಳೇ ಬಂದಿದ್ದರೆ? ಹದಿನಾಲ್ಕು, ಹದಿನೈದರ ಹುಡುಗಿಯರು ಎಷ್ಟೋ ಜನ ಇದ್ದರು. ಅವರ ಕಿವಿಯ ಹಿಂದೆ ನಾನು ನೋಡಿರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಊರಲ್ಲಿ ಹಳದಿ ಜ್ವರ ಬಂತು. ಹಾರ್ಬಿನ್ ಧಣಿ ನಾಲ್ಕೇ ದಿನದಲ್ಲಿ ಹೋದರು. ಅವರು ಹೋದಮೇಲೆ ಆಸ್ತಿ ಪಾಲಾಯಿತು. ಮನೆ, ಕಾರ್ಖಾನೆ, ನಾನು ಲಿಡಿಯಾ ಅಮ್ಮಾವ್ರಿಗೆ ಉಳಿದೆವು. ತೆನ್ನೆ ಧಣಿಯ ತಮ್ಮನ ಪಾಲಿಗೆ ಹೋದಳು. ಅವನದು ಈ ಊರಿನ ಹೊಳೆಯ ಮೇಲುಗಡೆ, ದೋಣಿಯಲ್ಲಿ ಎರಡು ದಿನದ ದೂರದಲ್ಲಿ, ದೊಡ್ಡ ಭತ್ತದ ಜಮೀನು. ಸೋಮವಾರ ಹೇಳಿದರು, ಬುಧವಾರ ಬೆಳಿಗ್ಗೆ ದೋಣಿ.

ಬುಧವಾರ ಅವಳು ಬಂದರಿನ ಮೆಟ್ಟಿಲ ಮೇಲೆ ಗಂಟು ಇಟ್ಟುಕೊಂಡು ಕೂತಿದ್ದಳು. ನಾನು ಹೋಗಬಾರದೆಂದುಕೊಂಡಿದ್ದೆ. ಕೊಡ ಹಿಡಿದು ಹೊರಟವಳು ಬಾವಿಯ ಕಡೆ ಹೋಗದೆ ಅಲ್ಲಿಗೆ ಹೋದೆ. ನನ್ನನ್ನು ಕಂಡು ಅವಳು ಎದ್ದು ನಿಂತಳು. ಅವಳ ಕೂದಲು ಕೆದರಿತ್ತು, ಎರಡು ದಿನದಿಂದ ಬಾಚಿರಲಿಲ್ಲ. ಬೇರೆ ಊರಿಗೆ ಹೋಗುವವಳು ಹಾಗೆ ಹೋಗಬಾರದು.

"ಕೂತ್ಕೋ" ಎಂದೆ. ಒಂದು ವರ್ಷದ ಮೇಲೆ ಅವಳಿಗೆ ಹೇಳಿದ ಮೊದಲ ಮಾತು.

ಒಂದು ಮೆಟ್ಟಿಲು ಕೆಳಗೆ ಕೂತಳು. ನಾನು ಅವಳ ತಲೆಯನ್ನು ಮಂಡಿಗಳ ನಡುವೆ ಹಿಡಿದುಕೊಂಡು ಬೈತಲೆ ತೆಗೆದೆ. ಭತ್ತದ ಮೂಟೆ ಇಳಿಸುವವರು ಇನ್ನೂ ಅರ್ಧ ಕೆಲಸದಲ್ಲಿದ್ದರು.

"ಅಲ್ಲಿ ನಮ್ಮ ಕಡೆಯವರು ತುಂಬ ಇರ್ತಾರೆ" ಎಂದೆ. "ಭತ್ತ ಬೆಳೆಯೋರನ್ನೇ ಹುಡುಕಿ ಹುಡುಕಿ ಅಲ್ಲಿಗೆ ಕೊಂಡುಕೊಂಡು ಹೋಗೋದು. ಇಲ್ಲಿ ನಾನು ಕೇಳ್ತೀನಿ. ಅಲ್ಲಿ ನೀನು ಕೇಳಬೇಕು."

"ಕೇಳ್ತೀನಿ ಅಕ್ಕಾ."

"ಕೇಳೋಕೆ ನಿನಗೆ ಸರಿಯಾಗಿ ಗೊತ್ತಿರಬೇಕು. ಕಿವಿ ಹಿಂದಿನ ಕಲೆ ಒಂದು ಸಾಲದು."

ಹಾಗೆ ಹೇಳಿ, ಜಡೆ ಹೆಣೆಯುತ್ತ, ಮೊದಲಿನಿಂದ ಹೇಳಿದೆ. ಜೆನೆಬಾ ಹುಟ್ಟಿದ್ದು ಹೊಳೆ ಏರಿದ ವಾರ. ಬಲಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿಕೊಂಡಿದೆ. ಎರಡು ವರ್ಷದವರೆಗೂ ಮಾತು ಬಂದಿರಲಿಲ್ಲ, ಬಂದಮೇಲೆ ನಿಲ್ಲಿಸಿದ್ದೇ ಇಲ್ಲ. ಸುಮ್ಮನಿರು ಎಂದು ನಾನು ಹೇಳಿದ್ದನ್ನು ಅವಳು ಕೇಳಿದ್ದು ಆ ಒಂದೇ ದಿನ. ಅವಳಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡರೆ ಅವನ ಕಿವಿಗಳನ್ನೇ ಲಗಾಮು ಮಾಡಿಕೊಳ್ಳುತ್ತಿದ್ದಳು. ಕಿವಿಯ ಹಿಂದಿನ ಸುಟ್ಟ ಕಲೆ ನನ್ನ ತಪ್ಪಿನಿಂದಾದದ್ದು, ಗಂಜಿಯ ಪಾತ್ರೆ ಇಳಿಸುವಾಗ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಎಂಟು ವರ್ಷ ಅಷ್ಟು ಜನರನ್ನು ಕೇಳಿದ್ದೆ, ಆದರೆ ನನ್ನ ಮಗಳು ಹೇಗಿದ್ದಳು ಎಂದು ಪೂರ್ತಿ ಹೇಳಿದ್ದು ತೆನ್ನೆಯೊಬ್ಬಳಿಗೇ. ಅವಳು ಪ್ರತಿಯೊಂದನ್ನೂ ಮೆಲ್ಲಗೆ ತಿರುಗಿ ಹೇಳಿಕೊಂಡಳು, ಮರೆಯದಿರಲೆಂದು.

ದೋಣಿಯವರು ಕರೆದರು. ಕೊನೆಯ ಜಡೆ ಇನ್ನೂ ಅರ್ಧ ಉಳಿದಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದಳು.

ಆ ಜಮೀನಿನ ದೋಣಿ ವರ್ಷಕ್ಕೊಮ್ಮೆ, ಕೊಯ್ಲಿನ ಮೇಲೆ, ಭತ್ತ ಹೊತ್ತು ಬಂದರಿಗೆ ಬರುತ್ತಿತ್ತು. ಲಾನ್ಸಾನಾ ಎಂಬವನು ಅದರ ಹುಟ್ಟು ಹಾಕುತ್ತಿದ್ದ. ಮೊದಲ ವರ್ಷ ಅವನು ನನ್ನನ್ನು ಹುಡುಕಿಕೊಂಡು ಬಂದು, "ತೆನ್ನೆ ಹೇಳಿ ಕಳಿಸಿದ್ದಾಳೆ. ಕೇಳಿದ್ದೀನಿ, ಯಾರೂ ಕಂಡಿಲ್ಲ ಅಂತ" ಎಂದ. ನಾನೂ ಅದನ್ನೇ ಹೇಳಿ ಕಳಿಸಿದೆ. ಎರಡನೆಯ ವರ್ಷವೂ ಹಾಗೇ. ಹನ್ನೊಂದು ವರ್ಷ ನಮ್ಮಿಬ್ಬರ ನಡುವೆ ಓಡಾಡಿದ್ದು ಆ ಒಂದೇ ಸುದ್ದಿ. ಇಲ್ಲ ಎನ್ನುವುದನ್ನು ಕೇಳಲೆಂದೇ ನಾನು ಕೊಯ್ಲಿನ ಕಾಲ ಕಾಯುತ್ತಿದ್ದೆ.

ಹನ್ನೆರಡನೆಯ ವರ್ಷ ಲಾನ್ಸಾನಾ ಬಂದವನು ಮೂಟೆಯ ಮೇಲೆ ಕೂತು ತಲೆಯ ಬಟ್ಟೆ ಬಿಚ್ಚಿದ. ಅದರಲ್ಲೇ ನನಗೆ ತಿಳಿಯಿತು.

"ಮಳೆಗಾಲದಲ್ಲಿ ಹೋದ್ಲು ಅಕ್ಕಾ. ಜ್ವರ. ಗದ್ದೇಲಿ ನಿಂತಿದ್ದೋಳು ಹಾಗೇ ಕೂತ್ಲಂತೆ."

ನಾನು ಅವನ ಪಕ್ಕ ಕೂತೆ. ಹಡಗುಗಳ ಕಾಲವಲ್ಲ, ಬಾವಿ ಸಿಹಿಯಾಗಿತ್ತು, ಊರಿನವರು ಆರಾಮವಾಗಿ ಓಡಾಡಿಕೊಂಡಿದ್ದರು.

"ಈ ಸಲ ಸುದ್ದಿ ಹೇಳಿ ಕಳಿಸಿದ್ದು ಅವಳ ಮಗಳು" ಎಂದ.

"ಯಾವ ಮಗಳು?"

"ತೆನ್ನೆ ಮಗಳು. ಹತ್ತು ವರ್ಷ ಈಗ." ಅವನು ಸಂಕೋಚದಿಂದ ಕತ್ತು ಕೆರೆದುಕೊಂಡ. "ನಿನಗೆ ಹೇಳಬೇಡ ಅಂತ ಮಾತು ತಗೊಂಡಿದ್ಲು. ಅಕ್ಕನ ಮಗಳ ಸುದ್ದಿ ತರದೆ ನನ್ನ ಮಗಳ ಸುದ್ದಿ ಹ್ಯಾಗೆ ಹೇಳಿಕಳಿಸಲಿ ಅಂತಿದ್ಲು. ಈಗ ಅವಳೇ ಇಲ್ಲ. ಹುಡುಗಿ ದಡದ ಹತ್ರ ಬಂದು ನಿಂತ್ಕೊಂಡು ಹೇಳಿದ್ಲು, ಅವ್ವ ಇಲ್ಲ, ಕೇಳೋ ಕೆಲಸ ನನಗೆ ಕೊಟ್ಟು ಹೋಗಿದ್ದಾಳೆ, ಈ ವರ್ಷ ಹೊಸದಾಗಿ ಬಂದ ಇಪ್ಪತ್ತು ಜನಾನೂ ಕೇಳಿದೆ, ಯಾರೂ ಕಂಡಿಲ್ಲ, ಮುಂದಿನ ವರ್ಷ ಮತ್ತೆ ಕೇಳ್ತೀನಿ, ದೊಡ್ಡವ್ವನಿಗೆ ಹೇಳು ಅಂತ. ಕಾಲ್ಬೆರಳಿನ ವಿಷಯ, ಹೊಳೆ ಏರಿದ ವಾರದ ವಿಷಯ, ಎಲ್ಲಾ ಗೊತ್ತು ಅವಳಿಗೆ."

ದೊಡ್ಡವ್ವ ಎಂದರೆ ನಾನೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ನಿನ್ನ ಕಡೆಯಿಂದ ಏನು ಹೇಳ್ಲಿ?" ಎಂದು ಲಾನ್ಸಾನಾ ಎದ್ದು ನಿಂತು ಕೇಳಿದ. ಸಮುದ್ರದ ಇಳಿತಕ್ಕೆ ಮುಂಚೆ ಹೊರಡಬೇಕೆಂದು ಅವನ ಜೊತೆಯವರು ಆಗಲೇ ಹಗ್ಗ ಬಿಚ್ಚುತ್ತಿದ್ದರು.

ನಾನು ಅವನ ತೋಳು ಹಿಡಿದುಕೊಂಡೆ. ನಡುವಿನ ಮೂರು ವರ್ಷ ಬಿಟ್ಟರೆ, ಇಪ್ಪತ್ತಮೂರು ವರ್ಷ ಒಂದು ಹುಡುಗಿಯ ಬಗ್ಗೆ ಸಿಕ್ಕವರನ್ನೆಲ್ಲ ಕೇಳಿದ್ದೆ. ಹುಡುಗಿಯೊಬ್ಬಳನ್ನು ಕಣ್ಣಾರೆ ಕಂಡು ಬಂದವನೊಬ್ಬ ಎದುರಿಗೆ ನಿಂತದ್ದು ಇದೇ ಮೊದಲು.

"ಅವಳ ಹೆಸರೇನು? ಎತ್ತರ ಇದ್ದಾಳಾ?" ಎಂದೆ. "ಯಾರ ಜತೆ ಮಲಗ್ತಾಳೆ ಈಗ? ತಲೆ ಯಾರು ಬಾಚ್ತಾರೆ?"

"ಅಕ್ಕಾ, ದೋಣಿ..."

"ಹೇಳಿ ಹೋಗು. ಊಟ ಸರಿಯಾಗಿ ಮಾಡ್ತಾಳಾ?"

ಅವನು ಜೊತೆಯವರ ಕಡೆ ತಿರುಗಿ ಕೈಯೆತ್ತಿ, ಸ್ವಲ್ಪ ನಿಲ್ಲಿ ಎಂದ. ಆಮೇಲೆ ಮತ್ತೆ ಮೂಟೆಯ ಮೇಲೆ ಕೂತು ಹೇಳತೊಡಗಿದ.